ಟೀವಿಯಲ್ಲಿ ಹುಳ ಹಣ್ಣಾದ ದಿನ

ನಮ್ಮ ಮನೆಯ ಹೋಮ್ ಥಿಯೇಟರನ್ನು ಹದಕ್ಕೆ ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮನೆಗೆ ಬಂದವರೆಲ್ಲ ಚಿತ್ರ ನೋಡಿ, ಸೌಂಡು ಕೇಳಿ, ಸೀದಾ ನನ್ನ ಗಂಡನ ಕಡೆ ತಿರುಗಿ, "ಪಸಂದಾಗಿ ಕೂರ್ಸಿದ್ದೀಯ ಕಣ್ಲಾ" ಅನ್ನುತ್ತಾರೆ. ಗಂಡ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು, ಹಾಗಾಗಿ ವೈರು, ಸ್ಕ್ರೂ ಇರುವುದೆಲ್ಲ ಅವರದೇ ಇಲಾಖೆ ಎಂದು ನಮ್ಮೂರಿನ ತೀರ್ಮಾನ. ನಿಜ ಹೇಳಬೇಕೆಂದರೆ ಅವರು ಮಾಡಿದ್ದು ಪೆಟ್ಟಿಗೆ ಬಿಚ್ಚಿ ಥರ್ಮಕೋಲನ್ನು ಹಿತ್ತಲಿಗೆ ಎಸೆದದ್ದು ಮಾತ್ರ.

ಮಾಗಡಿಯ ಅಂಗಡಿಯಿಂದ ಒಬ್ಬ ಬಂದಿದ್ದ. ಗೋಡೆಗೆ ಟೀವಿ ಬಿಗಿದು, ಮುಂದೆ ಎರಡು, ಹಿಂದೆ ಎರಡು, ಟೀವಿ ಕೆಳಗೆ ಒಂದು ಸ್ಪೀಕರ್ ಇಟ್ಟು, ಮೂಲೆಗೆ ಗುಡುಗುವ ದೊಡ್ಡ ಡಬ್ಬ ತಳ್ಳಿ, ಕಾಫಿ ಕುಡಿದು ಹೊರಟುಬಿಟ್ಟ. ಹಾಕಿ ನೋಡಿದರೆ ಮಾತಾಡುವವರ ದನಿ ಪಿಸುಪಿಸು, ಹೊಡೆದಾಟ ಬಂತೆಂದರೆ ಅಡುಗೆಮನೆಯ ಸ್ಟ್ಯಾಂಡಿನ ತಟ್ಟೆಗಳೆಲ್ಲ ಗಲಗಲ. ಚಿತ್ರವಂತೂ ಕಣ್ಣು ಕುಕ್ಕುವ ಹಾಗೆ. ಗಂಡ, "ಹೊಸ್ದಲ್ವಾ, ಹಂಗೇ ಇರ್ತದೆ" ಎಂದರು. ಹೊಸದಾದರೆ ಕೆಟ್ಟದಾಗಿರಬೇಕೆಂದು ಎಲ್ಲಿ ಬರೆದಿದೆ? ಅರ್ಧಂಬರ್ಧ ಕೆಲಸ ಕಂಡರೆ ನನಗೆ ಮೈ ಉರಿಯುತ್ತದೆ. ಅದೂ ನಮ್ಮ ರೇಷ್ಮೆ ಬೆಳೆಯಲ್ಲಿ ನಾನು ಕೂಡಿಟ್ಟು ತಂದ ವಸ್ತು.

ರೇಷ್ಮೆಯ ವಿಷಯಕ್ಕೆ ಬಂದೆನಲ್ಲ, ನಮ್ಮತ್ತೆಯ ಬಗ್ಗೆ ಹೇಳಲೇಬೇಕು. ನಾನು ಚನ್ನಪಟ್ಟಣದ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದಾಗ ಹುಳ ಕಂಡರೆ ಕಿರುಚುತ್ತಿದ್ದೆ. ಕೈ ಹಿಡಿದು ಕಲಿಸಿದ್ದು ಅತ್ತೆ. ಹುಳ ತಿಂದು ತಿಂದು ಬಲಿತು ಗೂಡು ಕಟ್ಟಲು ಸಿದ್ಧವಾದರೆ ಹಣ್ಣಾಯಿತು ಅನ್ನುತ್ತೇವೆ. ಮೈಮೇಲಿನ ಹಸಿರುಬಿಳುಪು ಕರಗಿ, ತಿಳಿಹಳದಿ ಹೊಳಪು ಬರುತ್ತದೆ. ಆಗಲೇ ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಹುಳ ನಮಗಾಗಿ ಕಾಯುವುದಿಲ್ಲ, ಸೊಪ್ಪಿನ ಕಡ್ಡಿಗೇ, ಹಿಕ್ಕೆಯ ನಡುವೆಯೇ ಗೂಡು ಕಟ್ಟಿಬಿಡುತ್ತದೆ. ಆ ಕೊಳಕು ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಹಣ್ಣು ಹುಳ ಆಯುವುದರಲ್ಲಿ ನಮ್ಮತ್ತೆಗೆ ಸಮ ಯಾರೂ ಇರಲಿಲ್ಲ. ಅಕ್ಕಪಕ್ಕದ ಊರಿನವರೂ, "ಒಸಿ ಬಂದು ನೋಡವ್ವ, ಹಣ್ಣಾಗವಾ" ಎಂದು ಕರೆಯಲು ಬರುತ್ತಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವ ಗತ್ತು ನೋಡಬೇಕಿತ್ತು.

ಹೋಮ್ ಥಿಯೇಟರ್ ಬರುವ ಮುಂಚಿನ ಬೆಳೆಯಲ್ಲಿ ಆ ಹೆಸರು ಕೆಟ್ಟಿತು. ಹುಳದ ಮನೆಯಲ್ಲಿ ನಾನು ಬಾಗಿಲ ಕಡೆ ಆಯುತ್ತಿದ್ದೆ, ಅತ್ತೆ ಒಳಗಡೆ. ನೋಡಿದರೆ ಅವರ ಕಡೆಯ ತಟ್ಟೆಗಳಲ್ಲಿ ಹುಳ ಸೊಪ್ಪಿನಲ್ಲೇ ಗೂಡು ಕಟ್ಟಿ ಕೂತಿವೆ. ಒಂದಲ್ಲ, ಹತ್ತಾರು ತಟ್ಟೆ. "ಈ ಬೆಳ್ಕಲ್ಲಿ ಎಲ್ಲ ಒಂದೇ ತರ ಕಾಣ್ತವೆ ಕಣವ್ವ" ಎಂದರು ಅತ್ತೆ. ಒಳಗಡೆ ಕತ್ತಲೆಂದು, ಅವರಿಗೆ ಅನುಕೂಲವಾಗಲೆಂದೇ, ನಾನು ಆ ಬೆಳೆಗೆ ಮುಂಚೆ ಹಳೆಯ ಬಲ್ಬು ತೆಗೆದು ಝಗ್ ಅನ್ನುವ ಹೊಸ ಎಲ್‌ಇಡಿ ಹಾಕಿಸಿದ್ದೆ. ಇಷ್ಟು ಬೆಳಕಿಟ್ಟರೂ ಬೆಳಕಿನ ಮೇಲೇ ದೂರು! ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. "ಇನ್ಮೇಲೆ ನೀವು ಸೊಪ್ಪು ಕೊಡಿ ಅತ್ತೆ. ಹಣ್ಣು ನಾನು ಆಯ್ತೀನಿ" ಅಂದುಬಿಟ್ಟೆ.

ಅತ್ತೆ ಅಂದಿನಿಂದ ಹುಳದ ಮನೆಯ ಹೊಸ್ತಿಲು ದಾಟಲಿಲ್ಲ, ಸೊಪ್ಪು ಕೊಡಲಿಕ್ಕೂ. ಜಗಲಿಯೇ ಅವರ ಜಾಗವಾಯಿತು. ಯಾರಾದರೂ ಕರೆಯಲು ಬಂದರೆ, "ನನ್ ಕಣ್ಣು ಮೊದ್ಲಂಗಿಲ್ಲ, ನಮ್ ಸೊಸೇನ ಕೇಳಿ" ಅನ್ನುತ್ತಿದ್ದರು. ಅದು ನನ್ನ ಕಿವಿಗೆ ಬೀಳುತ್ತಿತ್ತು. ಕೇಳಿಸದವಳ ಹಾಗೆ ಇರುತ್ತಿದ್ದೆ. ಡಾಕ್ಟರಿಗೆ ತೋರಿಸೋಣ ಎಂದರೆ ಬರಲೊಲ್ಲರು. ಹೋಗಲಿ ಬಿಡು, ವಯಸ್ಸಾಯಿತು ಎಂದು ನಾನೂ ಸುಮ್ಮನಾಗಿದ್ದೆ.

ಈಗ ಆ ಮಧ್ಯಾಹ್ನಕ್ಕೆ ಬರೋಣ. ಬೆಳೆ ಮುಗಿದು ಹುಳದ ಮನೆ ಖಾಲಿ ಇತ್ತು. ಗಂಡ ಶಿಫ್ಟಿಗೆ ಹೋಗಿದ್ದರು. ನಾನು ಸೋಫಾದ ಮೇಲೆ ನಾವು ಕೂರುವ ಜಾಗ ಗುರುತು ಮಾಡಿಕೊಂಡು, ರವಿಕೆ ಹೊಲಿಯುವ ಟೇಪು ಹಿಡಿದು ಅಲ್ಲಿಂದ ಒಂದೊಂದು ಸ್ಪೀಕರಿಗೂ ಎಷ್ಟು ದೂರ ಎಂದು ಅಳೆದೆ. ಅಷ್ಟನ್ನೂ ರಿಮೋಟಿನಲ್ಲಿ ಒತ್ತಿ ಒತ್ತಿ ತುಂಬಿಸಿದೆ. ಯಾವುದು ಎಷ್ಟು ದೂರದಲ್ಲಿದ್ದರೂ ದನಿ ಒಟ್ಟಿಗೇ ಕಿವಿಗೆ ಬರಲಿ ಅಂತ ಈ ಲೆಕ್ಕ. ದೊಡ್ಡ ಡಬ್ಬವನ್ನು ಅಡುಗೆಮನೆಯ ತಟ್ಟೆಗಳು ಸುಮ್ಮನಾಗುವವರೆಗೂ ತಗ್ಗಿಸಿದೆ. ನಡುವಿನ ಸ್ಪೀಕರನ್ನು ಏರಿಸಿದೆ, ಮಾತು ಸ್ಪಷ್ಟವಾಯಿತು. ಒಬ್ಬಳೇ ಇದ್ದರೂ ಜಂಬ ತಡೆಯಲಾರದೆ "ಆಹಾ" ಅಂದುಕೊಂಡೆ.

ಕೊನೆಗೆ ಟೆಸ್ಟ್ ಎಂಬ ಗುಂಡಿ ಒತ್ತಿದೆ. ಹಾಡಿಲ್ಲ, ಮಾತಿಲ್ಲ, ಬರೀ ಸರ್ ಎಂಬ ಸದ್ದು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಸರದಿಯಂತೆ ಸುತ್ತುತ್ತದೆ. ಎಲ್ಲದರಲ್ಲೂ ಒಂದೇ ಸಮ ಕೇಳಬೇಕು. ಅದು ಎರಡು ಸುತ್ತು ಮುಗಿಸಿರಲಿಲ್ಲ, ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅತ್ತೆ ಮೊರ ಹಿಡಿದುಕೊಂಡೇ ಒಳಗೆ ಓಡಿ ಬಂದರು.

"ಚಾಕಿ ಮರಿಹುಳನೇ ತಂದಿಲ್ಲ, ಅದೆಲ್ಲಿಂದ ಬಂದ್ವು ಇಷ್ಟು ದಪ್ಪ ಹುಳ?"

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕಿವಿಗೊಟ್ಟೆ. ಹೌದಲ್ಲ! ನಾಲ್ಕನೇ ಜ್ವರ ಎದ್ದ ಹುಳ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳ, ಹಸಿವಿನಿಂದ ಸೊಪ್ಪು ತಿನ್ನುವಾಗ ಹುಳದ ಮನೆ ತುಂಬ ಇದೇ ಸದ್ದು. ನಗು ತಡೆಯಲಾಗಲಿಲ್ಲ. ಅತ್ತೆಗೂ ನಗು ಬಂತು. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಕೂತ್ಕೊಳ್ಳಿ ಎಂದೆ. ಸೋಫಾದ ತುದಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸದ್ದು ಇನ್ನೊಂದು ಸುತ್ತು ಬಂತು.

"ಆ ಬಲಗಡೆ ಹಿಂದಿಂದು ಹಸ್ಕೊಂಡೈತೆ."

"ಏನತ್ತೆ?"

"ಮಿಕ್ಕೋವೆಲ್ಲ ಚೆನ್ನಾಗಿ ಮೇಯ್ತಾವೆ. ಆ ಮೂಲೇದು ಮೇಯ್ತಿಲ್ಲ. ಸೊಪ್ಪು ಸಾಲ್ದು."

ನನಗೇನೂ ಹಾಗೆ ಕೇಳಲಿಲ್ಲ. ಸೌಂಡು ಅಳೆಯುವ ಆ್ಯಪು ಮೊಬೈಲಿನಲ್ಲಿತ್ತು, ಹಿಡಿದು ನೋಡಿದೆ. ಬಲಗಡೆ ಹಿಂದಿನದು ಉಳಿದವಕ್ಕಿಂತ ಕಮ್ಮಿ ತೋರಿಸಿತು. ತಿರುಗಿ ನೋಡಿದರೆ ಆ ಸ್ಪೀಕರಿನ ಮುಂದೆಯೇ ನಮ್ಮ ರಾಗಿ ಮೂಟೆಗಳು. ಸದ್ದನ್ನೆಲ್ಲ ಅವೇ ನುಂಗುತ್ತಿದ್ದವು. ಮೂಟೆ ಜರುಗಿಸಿ ಮತ್ತೆ ಹಾಕಿದೆ. "ಈಗ ಸರಿ, ಎಲ್ಲ ಒಂದೇ ಸಮ ಮೇಯ್ತಾವೆ" ಎಂದು ತೀರ್ಪು ಕೊಟ್ಟು ಅತ್ತೆ ಏಳಹೊರಟರು. ನಾನು ಬಿಡಲಿಲ್ಲ. ಕಿವಿ ಇಷ್ಟು ಚುರುಕಾಗಿರುವವರು ಕಣ್ಣು ಕಳೆದುಕೊಂಡರಲ್ಲ ಎಂದು ಒಳಗೊಳಗೇ ಮರುಗಿದೆ.

ಚಿತ್ರ ಸರಿಮಾಡುವಾಗ ಕಂಡು ಗೊತ್ತಿರುವುದನ್ನು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಬಣ್ಣ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಕನಕಪುರದಲ್ಲಿರುವ ನಮ್ಮಕ್ಕನಿಗೆ ಕಳಿಸಲು ನಾನೇ ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೊ ಇತ್ತು. ಬಲ್ಬು ಬದಲಾಯಿಸುವುದಕ್ಕೂ ಹಿಂದಿನ ಬೆಳೆಯದು. ಹುಳದ ಮನೆಯ ಬಾಗಿಲಲ್ಲಿ, ಬೆಳಗಿನ ಬಿಸಿಲಿನಲ್ಲಿ, ತಟ್ಟೆಯ ತುಂಬ ಹುಳ. ಒಂದು ಕೈ ಹಣ್ಣು ಹುಳಗಳನ್ನು ಪಟಪಟ ಆಯುತ್ತಿದೆ. ಅದನ್ನು ಟೀವಿಗೆ ಹಾಕಿದೆ.

ಅತ್ತೆ ಮುಂದಕ್ಕೆ ಬಾಗಿದರು. ಹುಬ್ಬು ಗಂಟಾಯಿತು.

"ಯಾರವ್ವ ಅವ್ಳು? ಹಸಿ ಹುಳ ಆಯ್ತಾವ್ಳಲ್ಲ! ಒಂದೂ ಹಣ್ಣಾಗಿಲ್ಲ. ಹಿಂಗೆ ಆಯ್ದು ಬೆಳೇನೆಲ್ಲ ಹಾಳ್ಮಾಡ್ತಾಳೆ."

ಹೇಳಬಾರದಿತ್ತು, ಆದರೆ ಬಾಯಿ ತಪ್ಪಿ ಬಂದುಬಿಟ್ಟಿತು.

"ಅತ್ತೆ, ಅದು ನಿಮ್ಮ ಕೈ."

ಅವರು ಟೀವಿಯಲ್ಲಿದ್ದ ಬಳೆ ನೋಡಿದರು. ತಮ್ಮ ಕೈಯ ಬಳೆ ನೋಡಿಕೊಂಡರು. ಆ ಬೆಳೆ ಎಷ್ಟು ಚೆನ್ನಾಗಿ ಬಂದಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಅಂದ ಮೇಲೆ ಹುಳ ಹಸಿ ಇರಲು ಸಾಧ್ಯವೇ ಇರಲಿಲ್ಲ.

"ಹಂಗಾರೆ ನನ್ ಕಣ್ಣು ನಿಜ್ವಾಗ್ಲೂ ಹೋಯ್ತು ಬುಡು" ಎಂದರು ಅತ್ತೆ, ಮೆಲ್ಲಗೆ.

ಅಲ್ಲಿಯವರೆಗೆ ಅವರು ಅದನ್ನು ನಂಬಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನನ್ನ ಮೇಲಿನ ಮುನಿಸಿಗೆ ಜಗಲಿಯಲ್ಲಿ ಕೂತಿದ್ದರೇ ಹೊರತು, ತಮ್ಮ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇತ್ತು. ಈಗ ಅದನ್ನೂ ನಾನೇ ಕಿತ್ತುಕೊಂಡಿದ್ದೆ. ಅವರ ಮುಖ ನೋಡಲಾರದೆ ಟೀವಿಯ ಮೆನು ತೆರೆದು ಸುಮ್ಮನೆ ಗುಂಡಿ ಒತ್ತುತ್ತಾ ಹೋದೆ. ಅಂಗಡಿಯವನು ಚಿತ್ರವನ್ನು ವಿವಿಡ್‌ನಲ್ಲೂ, ಬಣ್ಣವನ್ನು ಕೂಲ್‌ನಲ್ಲೂ ಬಿಟ್ಟುಹೋಗಿದ್ದ. ವಿವಿಡ್ ತೆಗೆದೆ, ಕುಕ್ಕುವ ಬೆಳಕು ಇಳಿಯಿತು. ಬಣ್ಣವನ್ನು ಕೂಲ್‌ನಿಂದ ವಾರ್ಮ್‌ಗೆ ತಂದೆ. ಚಿತ್ರದಲ್ಲಿದ್ದ ನೀಲಿ ಛಾಯೆ ಅಷ್ಟೂ ಇಳಿದುಹೋಯಿತು.

"ನಿಲ್ಸು."

ಅತ್ತೆ ಎದ್ದು ನಿಂತಿದ್ದರು. ಮೊರ ನೆಲಕ್ಕೆ ಬಿದ್ದು ಹಾಲ್ ತುಂಬ ರಾಗಿ.

"ಹಣ್ಣಾದ್ವು ನೋಡು! ಅಗೋ ಅದು ಹಣ್ಣು, ಅದರ ಪಕ್ಕದ್ದು ಹಸಿ, ಅಗೋ ಅದು ಹಣ್ಣು." ಟೀವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸತೊಡಗಿದರು. ಅವರು ಬೆರಳಿಟ್ಟ ಹುಳವನ್ನೇ ವಿಡಿಯೊದ ಕೈಯೂ ಮುಂದಿನ ಗಳಿಗೆಯಲ್ಲಿ ಎತ್ತುತ್ತಿತ್ತು. ಒಂದೂ ತಪ್ಪಲಿಲ್ಲ. "ಆ ಮೂಲೇಲಿ ಮೂರು ಬುಟ್ಟುಬುಟ್ಟಿದ್ದೀನಿ" ಎಂದು ತಮ್ಮನ್ನೇ ಬೈದುಕೊಂಡರು ಬೇರೆ.

ನಾನು ಮತ್ತೆ ಕೂಲ್‌ಗೆ ಹಾಕಿದೆ. "ಹಸಿ" ಎಂದರು. ವಾರ್ಮ್‌ಗೆ ಹಾಕಿದೆ. "ಹಣ್ಣು." ಆಮೇಲೆ ನನ್ನ ಕಡೆ ತಿರುಗಿ, ಬೈಗುಳದ ದನಿಯೇ ಇಲ್ಲದೆ, "ಹುಳದ್ಮನೆ ಒಳ್ಗಡೆನೂ ಹಿಂಗೇ ಎಲ್ಲ ಹಸಿಯಂಗೆ ಕಾಣ್ತಿದ್ವು ಕಣವ್ವ. ಹೇಳಿದ್ನಲ್ಲ ನಿಂಗೆ" ಎಂದರು.

ಹೇಳಿದ್ದರು. ಆ ದಿನವೇ ಹೇಳಿದ್ದರು. ನಾನು ಚೆಲ್ಲಿದ ರಾಗಿ ದಾಟಿಕೊಂಡು ನೇರ ಹುಳದ ಮನೆಗೆ ಹೋದೆ. ಒಳಗಡೆಯ ಬಲ್ಬು ಹಾಕಿದೆ, ಟೀವಿಯಲ್ಲಿದ್ದ ಹಾಗೇ ನೀಲಿ ಛಾಯೆಯ ಬೆಳಕು. ಅವತ್ತು ಶುಕ್ರವಾರ, ಕೊರಳಿನ ದಾರಕ್ಕೆ ಬೆಳಗ್ಗೆಯಷ್ಟೇ ಅರಿಶಿನ ಹಚ್ಚಿಕೊಂಡಿದ್ದೆ. ಎತ್ತಿ ನೋಡಿಕೊಂಡರೆ ಸೋಪು ಹಾಕಿ ಒಗೆದ ದಾರದ ಹಾಗೆ ಪೇಲವ. ಬಾಗಿಲಿಗೆ ಬಂದು ನೋಡಿಕೊಂಡರೆ ಹಳದಿ ಎಂದರೆ ಹಳದಿ. ಅರಿಶಿನವನ್ನೇ ತೋರಿಸದ ಬೆಳಕು ಹುಳದ ಮೈಮೇಲಿನ ತಿಳಿಹಳದಿಯನ್ನು ಹೇಗೆ ತೋರಿಸೀತು? ನನ್ನ ಕಡೆಯ ಹುಳ ಸರಿಯಾಗಿ ಆಯ್ದದ್ದು ನನ್ನ ಕಣ್ಣಿನ ಹೆಚ್ಚುಗಾರಿಕೆಯಲ್ಲ, ಬಾಗಿಲಿನ ಬಿಸಿಲು. ಸ್ಟೂಲು ಹಾಕಿಕೊಂಡು ಹತ್ತಿ ಆ ಬಲ್ಬು ಬಿಚ್ಚಿದೆ.

ಬಲ್ಬು ಹಿಡಿದುಕೊಂಡು ಬಂದಾಗ ಅತ್ತೆ ನೆಲದ ಮೇಲೆ ಕೂತು ರಾಗಿ ಗುಡ್ಡೆ ಮಾಡುತ್ತಿದ್ದರು. ನಾನೂ ಎದುರಿಗೆ ಕೂತೆ. "ತಪ್ಪು ನಂದು ಅತ್ತೆ. ನಿಮ್ಮ ಕಣ್ಣಿಗೇನೂ ಆಗಿಲ್ಲ" ಎಂದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ, ಮನೆಯಲ್ಲಿ ಯಾರನ್ನಾದರೂ ಕೇಳಿ. ಅತ್ತೆ ನನ್ನ ಕೈಯ ಬಲ್ಬನ್ನು ನೋಡಿದರು.

"ಹಾಕ್ದೋಳೂ ನೀನೇ, ಬಿಚ್ಚ್ದೋಳೂ ನೀನೇ. ಅಷ್ಟು ಸಾಕು ಬುಡು. ಆ ಕಡೆ ರಾಗಿ ಒಸಿ ಬಳಿ."

ಗಂಡ ಬಂದು ಟೀವಿ ಹಾಕಿದವರು, "ಇದೇನು, ಒಂದೇ ದಿನಕ್ಕೆ ಬೇರೆ ಟೀವಿ ತಂದ್ಯಾ?" ಎಂದು ಬೆರಗಾದರು. ಯಾವುದನ್ನೂ ಮುಟ್ಟಕೂಡದೆಂದು ಅವರಿಗೆ ಆಣೆ ಹಾಕಿಸಿದ್ದೇನೆ. ಈಗಲೂ ಬಂದವರು ಹೊಗಳಿದರೆ, ಅಳೆದವಳು ನಾನು, ಒಪ್ಪಿದವರು ನಮ್ಮತ್ತೆ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಕೇಳಿದವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗಂತೂ ಹೇಳುವಾಗಲೆಲ್ಲ ಎದೆ ಉಬ್ಬುತ್ತದೆ.

ಮುಂದಿನ ಬೆಳೆಗೆ ಒಳಗಡೆ ಹಳದಿ ಬೆಳಕಿನ ಬಲ್ಬು ಹಾಕಿದ್ದೆ. ಹುಳ ತಲೆಯೆತ್ತಿ ಆಡತೊಡಗಿದ ಬೆಳಗ್ಗೆ ಜಗಲಿಗೆ ಹೋಗಿ, "ಒಸಿ ಬಂದು ನೋಡಿ ಅತ್ತೆ, ಹಣ್ಣಾಗವಾ" ಎಂದೆ. ಊರಿನವರು ಕರೆಯುತ್ತಿದ್ದ ಹಾಗೆಯೇ. ಅತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದೇ ಗತ್ತಿನಲ್ಲಿ ನನ್ನ ಮುಂದೆ ನಡೆದರು. ಒಳಗೆ ಹೋಗಿ ಬಲ್ಬನ್ನೊಮ್ಮೆ ನೋಡಿದರು, ತಟ್ಟೆಯನ್ನೊಮ್ಮೆ ನೋಡಿದರು. ನಾನೂ ಆಯಲೆಂದು ಕೈ ಮುಂದೆ ಚಾಚಿದೆ. ಮಣಿಕಟ್ಟಿನ ಮೇಲೆ ಫಟ್ಟನೆ ಒಂದು ಏಟು ಬಿತ್ತು.

"ನೀನು ಸೊಪ್ಪು ಕೊಡು" ಎಂದರು ಅತ್ತೆ. "ಹಣ್ಣು ನಾನು ಆಯ್ತೀನಿ."

ನಾನು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಸೊಪ್ಪು ಕೊಟ್ಟೆ.