ಅಂಟು ಹಲಗೆ

ವಿಷವಿಟ್ಟು ಕೊಲ್ಲುವುದು ಬೇಡವೆಂದು ನಾನಿರುವ ವಾಕಡದ ಅಂಗಡಿಯೊಂದರಿಂದ ಇಲಿ ಹಿಡಿಯುವ ಅಂಟು ಹಲಗೆ ತಂದೆ. ಅದರ ಮೇಲೆ ಮರಾಠಿಯಲ್ಲಿ ‘ವಿಷವಿಲ್ಲ, ಸುರಕ್ಷಿತ’ ಎಂದಿತ್ತು. ಯಾರಿಗೆ ಸುರಕ್ಷಿತ ಎಂದು ಬರೆದಿರಲಿಲ್ಲ.

ಬೆಳಿಗ್ಗೆ ನೋಡಿದರೆ ಇಲಿಯೊಂದು ನಾಲ್ಕೂ ಕಾಲು ಅಂಟಿಕೊಂಡು ಕೀಚಲು ದನಿಯಲ್ಲಿ ಕೂಗುತ್ತಿತ್ತು. ನನಗೆ ಶಾಲೆಗೆ ಹೊತ್ತಾಗಿತ್ತು. ಕೊಲ್ಲಲಾರದೆ, ಬಿಡಿಸಲು ತಿಳಿಯದೆ ನಿಂತಿದ್ದಾಗ ಪಾತ್ರೆ ತಿಕ್ಕುವ ಯಾದಗಿರಿಯ ನಾಗಮ್ಮ ಬಂದಳು.

“ಮಾಸ್ತರ್ರೀ, ಇದೇನ್ ಮಾಡೀರಿ?”

“ಕೊಲ್ಲೂದು ಬ್ಯಾಡ ಅಂತ ತಂದೆ, ನಾಗಮ್ಮ.”

“ಕೊಂದಿದ್ರ ಒಂದ ಸಲಕ್ಕ ಮುಗೀತಿತ್ರಿ. ನೀವು ಇದಕ್ಕ ಸಾಯಾಕೂ ಬಿಟ್ಟಿಲ್ಲ, ಬದುಕಾಕೂ ಬಿಟ್ಟಿಲ್ಲ.”

ಹೋದ ವರ್ಷ, ಇನ್ನು ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೂ ಹೆಂಡತಿಯನ್ನು ಹನ್ನೊಂದು ದಿನ ಉಸಿರಾಟದ ಯಂತ್ರದಲ್ಲಿ ಇರಿಸಿದ್ದವನು ನಾನು. ನಳಿಕೆ ಕಿತ್ತುಕೊಳ್ಳಬಾರದೆಂದು ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅದಕ್ಕೂ ನಾನೇ ಸಹಿ ಮಾಡಿದ್ದೆ.

ನಾಗಮ್ಮ ಶೇಂಗಾ ಎಣ್ಣೆ ಹನಿಸಿ, ಒಂದೊಂದೇ ಕಾಲು ಬಿಡಿಸಿ, ಇಲಿಯನ್ನು ಕಾಂಪೌಂಡಿನಾಚೆ ಬಿಟ್ಟು ಬಂದಳು.

ಮರುದಿನ ಅಕ್ಕಿ ಡಬ್ಬಿಯವರೆಗೆ ಎಣ್ಣೆಯ ಪುಟ್ಟ ಹೆಜ್ಜೆಗಳಿದ್ದವು. ಮೇಷ್ಟರ ಚಾಳಿ, ಒರೆಸುವ ಮೊದಲು, ನಾಲ್ಕೂ ಕಾಲಿನ ಗುರುತುಗಳು ಇವೆಯೇ ಎಂದು ಬಗ್ಗಿ ನೋಡಿದೆ. ಇದ್ದವು.