ಹೊಲಿಗೆ ಅಕ್ಕ ಮತ್ತು ಹಟಮಾರಿ ಮೆಷಿನ್ನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಹೊಲಿಗೆ ಅಕ್ಕ ಆಗಲೇ ಮೆಷಿನ್ನಿನ ಜೊತೆ ಜಗಳಕ್ಕಿಳಿದಿದ್ದಾರೆ. ಹರಿದ ಚಾದರವನ್ನು ಮಡಿಸಿ ಸೂಜಿಯ ಕೆಳಗಿಟ್ಟರೆ ಮೆಷಿನ್ನು ಎರಡು ಸಲ ಕೀಂ ಕೀಂ ಎಂದು ನಿಲ್ಲುತ್ತದೆ. ಬಟ್ಟೆ ದಪ್ಪವಾಯಿತೆಂದು ಅದರ ಪುಟ್ಟ ಪರದೆ ದೂರು ಹೇಳುತ್ತದೆ.

“ದಪ್ಪ ಇದೆ ಅಂತ ನಂಗೆ ಗೊತ್ತಿಲ್ವಾ? ನನ್ ಗಂಡನೂ ಇಷ್ಟು ಎದುರು ಮಾತಾಡಲ್ಲ,” ಎನ್ನುತ್ತಾ ಅಕ್ಕ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ.

ವಾರ್ಡುಗಳ ಚಾದರ, ದಿಂಬಿನ ಚೀಲ, ರೋಗಿಗಳ ನಿಲುವಂಗಿ, ಹರಿದದ್ದೆಲ್ಲ ಬರುವುದು ಇವರ ಬಳಿಗೇ. ದಿನಕ್ಕೆ ನೂರರ ಹತ್ತಿರ. ಮೊದಲು ಸ್ವಂತ ಅಂಗಡಿಯಿತ್ತು. ಸಿದ್ಧ ಉಡುಪು ಬಂದ ಮೇಲೆ ಅದಕ್ಕೆ ಬೀಗ ಬಿತ್ತು. ಕಾಲಲ್ಲಿ ತುಳಿಯುವ ಮೆಷಿನ್ನಿನೊಂದಿಗೇ ಇಲ್ಲಿಗೆ ಸೇರಿದರು. ಮಧ್ಯಾಹ್ನದ ಬಿಡುವಿನಲ್ಲಿ ಚೂರು ಬಟ್ಟೆಗಳಿಂದ ಗೊಂಬೆ ಮಾಡುವುದು ಅವರ ಹವ್ಯಾಸ. ಗೊಂಬೆಗಳೆಲ್ಲ ಮಕ್ಕಳ ವಾರ್ಡಿಗೆ ಹೋಗುತ್ತವೆ.

ಕಳೆದ ತಿಂಗಳು ಹೊಸ ಮೆಷಿನ್ನು ಬಂತು, ಹಳೆಯದನ್ನು ಗುಜರಿ ಶೆಡ್ಡಿಗೆ ಹಾಕಿದರು. ಅದೇ ವಾರ, ಮರುದಿನ ಆಪರೇಷನ್ ಇದ್ದ ಹುಡುಗಿಯೊಬ್ಬಳು ಹಟ ಹಿಡಿದಳು: ಎರಡು ಜಡೆಯ ಗೊಂಬೆ ಬಾರದೆ ಒಳಗೆ ಹೋಗುವುದಿಲ್ಲ. ಅಕ್ಕ ಒಪ್ಪಿಕೊಂಡು ಕೂತರೆ ಹೊಸ ಮೆಷಿನ್ನು ಪಾಸ್‌ವರ್ಡ್ ಕೇಳಿತು.

“ಹೊಲಿಯೋಕೆ ಎಂಥ ಪಾಸ್‌ವರ್ಡು? ಕಂಪನಿಗೆ ಫೋನ್ ಹಚ್ಚಿದ್ರೆ, ಆಫ್ ಮಾಡಿ ಆನ್ ಮಾಡಿ ಅಂತಾನೆ. ಬೆಳಗ್ಗಿಂದ ಅದೇ ಮಾಡ್ತಿದೀನಪ್ಪಾ ಅಂದೆ. ಹಂಗಾದ್ರೆ ನೆಟ್‌ವರ್ಕ್ ಇರೋ ಕಡೆ ಒಯ್ಯಿರಿ ಅಂದ. ಮೆಷಿನ್ನನ್ನ ಕಂಕುಳಲ್ಲಿ ಎತ್ಕೊಂಡು ತಾರಸಿ ಹತ್ತಲಾ?” ಎಂದು ಅಕ್ಕ ಈಗಲೂ ಸಿಡುಕುತ್ತಾರೆ.

ಕೈಯಲ್ಲೇ ಹೊಲಿಯೋಣವೆಂದರೆ ಬೆರಳ ಗಂಟುಗಳು ಬಾತು ಸೂಜಿ ನಿಲ್ಲುವುದಿಲ್ಲ. ಅಕ್ಕ ಬಟ್ಟೆ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ಶೆಡ್ಡಿಗೆ ನಡೆದರು. ಮುರಿದ ಮಂಚಗಳ ನಡುವೆ ಹಳೆಯ ಮೆಷಿನ್ನಿನ ಧೂಳೊರೆಸಿ ತುಳಿಯತೊಡಗಿದರು. ಸದ್ದು ಕೇಳಿ ಸೂಪರ್‌ವೈಸರ್ ಓಡಿ ಬಂದರು.

“ಏನಮ್ಮಾ ಇದು? ಗುಜರಿಗೆ ಬರೆದ ಸಾಮಾನು ಮುಟ್ಟೋ ಹಾಗಿಲ್ಲ.”

“ಮುಟ್ತಿಲ್ಲ ಸಾರ್, ಹೊಲೀತಿದೀನಿ. ಕೆಲಸದಿಂದ ತೆಗೀತೀರಾದ್ರೆ ಈ ಜಡೆ ಮುಗಿದ ಮೇಲೆ ತೆಗೀರಿ.”

ಸೂಪರ್‌ವೈಸರ್ ಬೆಳಕಿಗೆ ಅಡ್ಡವಾಗಿದ್ದ ಮಂಚವನ್ನು ತಾವೇ ಪಕ್ಕಕ್ಕೆ ಎಳೆದರು. ಮರುದಿನ ಹಳೆಯ ಮೆಷಿನ್ನು ನೆಲಮಾಳಿಗೆಗೆ ವಾಪಸು ಬಂತು. ಈಗ ಎಲ್ಲವನ್ನೂ ಮೊದಲು ಹೊಸದಕ್ಕೆ ಕೊಟ್ಟು ನೋಡುತ್ತಾರೆ, ಅದು ಒಲ್ಲೆನೆಂದದ್ದೆಲ್ಲ ಹಳೆಯದಕ್ಕೆ.

ಹುಡುಗಿ ಗೊಂಬೆಯನ್ನು ಅವುಚಿಕೊಂಡೇ ಆಪರೇಷನ್ನಿಗೆ ಹೋದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಹೊರಡುವ ದಿನ ಅಮ್ಮನ ಕೈ ಹಿಡಿದು ನೆಲಮಾಳಿಗೆಗೆ ಇಳಿದು ಬಂದವಳು, ಗೊಂಬೆಯ ಹೊಟ್ಟೆಯ ಮೇಲಿನ ದಾರದ ಗೆರೆ ತೋರಿಸಿ ಕೇಳಿದಳು:

“ನಂದು ಹೊಲಿಗೆ ಬಿಚ್ಚಿದ್ರು ಅಜ್ಜಿ. ಇವಳದ್ದು ಯಾವಾಗ ಬಿಚ್ಚೋದು?”

ಅಕ್ಕ ಕನ್ನಡಕ ಏರಿಸಿಕೊಂಡು ಗೊಂಬೆಯನ್ನು ತಿರುಗಿಸಿ ನೋಡಿ, ವಾಪಸು ಕೊಟ್ಟರು.

“ಡಾಕ್ಟರು ಹಾಕಿದ್ದು ಬಿಚ್ಚಬೇಕು ಪುಟ್ಟಿ. ನಾನು ಹಾಕಿದ್ದು ಬಿಚ್ಚೋ ಹಾಗಿಲ್ಲ.”