ಅಕ್ಕನ ಡಬ್ಬಿಗೆ ಹಾಕದೆ ಬಿಟ್ಟ ಗ್ಲ್ಯಾಂಡ್

ಜೇವರ್ಗಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಮೊದಲಿನಿಂದಲೂ ಬಾಯಿ ಜೋರು. ಬೇರೆಯವರ ಕೆಲಸದಲ್ಲಿ ತಪ್ಪು ಕಂಡರೆ ಸುಮ್ಮನಿರುವ ಜಾಯಮಾನವೇ ಅಲ್ಲ. ಒಂದು ಬೆಳಿಗ್ಗೆ ಅಫಜಲಪುರ ಕಡೆಯ ರೈತರೊಬ್ಬರು ಪಂಪ್‌ಸೆಟ್ಟಿನ ಕಬ್ಬಿಣದ ಸ್ಟಾರ್ಟರ್ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು.

"ಇದಕ್ಕ ಮೈ ತಿಕ್ಕಿ ನಮ್ಮ ಎಮ್ಮಿ ಸತ್ತು ಹೋತ್ರಿ. ಏನಾಗ್ಯದ ನೋಡ್ರಿ."

ಡಬ್ಬಿಯ ತಳದಲ್ಲಿ ವೈರು ಒಳಹೋಗುವ ತೂತಿಗೆ ಗ್ಲ್ಯಾಂಡ್ ಹಾಕಿರಲಿಲ್ಲ. ಗ್ಲ್ಯಾಂಡ್ ಅಂದರೆ ದೊಡ್ಡದೇನಲ್ಲ, ಹೆಬ್ಬೆರಳು ಗಾತ್ರದ ಟೊಳ್ಳು ಪ್ಲಾಸ್ಟಿಕ್ ಬಿರಡೆ. ತೂತಿಗೆ ತಿರುಗಿಸಿ ಕೂಡಿಸಿದರೆ ವೈರನ್ನು ಬಿಗಿಯಾಗಿ ಹಿಡಿಯುತ್ತದೆ, ನೀರು, ಇರುವೆ ಒಳಗೆ ಬಿಡುವುದಿಲ್ಲ. ಅದಿಲ್ಲದೆ ತಗಡಿನ ಅಂಚು ವೈರಿನ ಮೇಲಿನ ರಬ್ಬರನ್ನು ದಿನವೂ ಇಷ್ಟಿಷ್ಟೇ ಕೊರೆದು, ಒಳಗಿನ ತಾಮ್ರ ಡಬ್ಬಿಗೇ ತಾಗಿತ್ತು.

"ಯಾವ ಅಡ್ನಾಡಿ ಕೂಡಿಸ್ಯಾನ್ರಿ ಇದನ್ನ?" ಎಂದು ಗದರಿದೆ.

ಮಾತು ಮುಗಿಯುವಷ್ಟರಲ್ಲಿ ನೆನಪಾಯಿತು. ಮೂರು ವಾರದ ಹಿಂದೆ ನೆಲೋಗಿಯಲ್ಲಿ ನನ್ನ ಅಕ್ಕನ ಹೊಲಕ್ಕೆ ಇಂಥದೇ ಡಬ್ಬಿ ಕೂಡಿಸಿದವನು ನಾನು. ಚೀಲದಲ್ಲಿದ್ದ ಗ್ಲ್ಯಾಂಡ್ ಆ ದಪ್ಪ ವೈರಿಗೆ ಸಣ್ಣದಾಗಿತ್ತು. ನಾಳೆ ತಂದು ಹಾಕಿದರಾಯಿತು ಅಂದುಕೊಂಡು ತೂತಿಗೆ ಅರಿವೆ ಚೂರು ತುರುಕಿ ಬಂದವನು ಮರೆತೇಬಿಟ್ಟಿದ್ದೆ.

ಅಕ್ಕನದೊಂದು ಪದ್ಧತಿ. ಮೋಟಾರ್ ಚಾಲೂ ಮಾಡುವ ಮೊದಲು ಕೈ ತೊಳೆದುಕೊಂಡು, ಆ ಒದ್ದೆ ಕೈಯಿಂದಲೇ ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. "ಕರೆಂಟ್ ನಮಸ್ಕಾರ ಮಾಡಿದ್ರ ಬರ್ತದೇನಕ್ಕಾ?" ಎಂದು ಎಷ್ಟೋ ಸಲ ಚಾಷ್ಟಿ ಮಾಡಿದ್ದೆ. ಆ ವಾರ ಹೊಲಗಳಿಗೆ ಕರೆಂಟ್ ಹನ್ನೊಂದಕ್ಕೆ ಬರುತ್ತಿತ್ತು. ಆಗಲೇ ಹತ್ತೂಕಾಲು ದಾಟಿತ್ತು. ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಅವಳು ಹೊಲಕ್ಕೆ ಹೋಗುವಾಗ ಫೋನ್ ಮನೆಯಲ್ಲೇ ಬಿಡುತ್ತಾಳೆ. ಅವಳ ಗಂಡ ಊರಲ್ಲಿರಲಿಲ್ಲ.

ದೊಡ್ಡ ಸೈಜಿನ ಗ್ಲ್ಯಾಂಡ್ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಅವಳ ಕೈಯೊಂದೇ. ದೇವರೇ, ಇವತ್ತೊಂದು ದಿನ ಕರೆಂಟ್ ತಡವಾಗಿ ಬರಲಿ ಎಂದು ಬೇಡಿಕೊಂಡೆ. ಹೊಲದ ದಾರಿಗೆ ಹೊರಳಿದಾಗ ಪಕ್ಕದವರ ಪೈಪಿನಿಂದ ನೀರು ಧುಮುಕುತ್ತಿತ್ತು. ಅವರದು ಆಟೋ ಸ್ಟಾರ್ಟರ್, ಕರೆಂಟ್ ಬಂದೊಡನೆ ತಾನೇ ಚಾಲೂ ಆಗುತ್ತದೆ. ಅಂದರೆ ಕರೆಂಟ್ ಬಂದುಬಿಟ್ಟಿತ್ತು.

ಅಕ್ಕ ಬೇವಿನ ಗಿಡದ ಕೆಳಗೆ ತಂಬಿಗೆ ಇಟ್ಟು ಡಬ್ಬಿಯ ಕಡೆ ನಡೆಯುತ್ತಿದ್ದಳು.

"ಅಕ್ಕಾ, ಮುಟ್ಟಬ್ಯಾಡ!"

ಗಾಡಿ ಬಿದ್ದದ್ದೂ ಗೊತ್ತಾಗಲಿಲ್ಲ. ಓಡಿದೆ. ಚಾಚಿದ ಕೈ ಹಿಂದಕ್ಕೆಳೆದುಕೊಂಡು ಅವಳು ಸಿಟ್ಟಾದಳು. "ಯಾಕಲೇ, ಹಿಂಗ್ಯಾಕ ಒದರಾಕತ್ತೀ?"

ಡಬ್ಬಿಗೆ ಟೆಸ್ಟರ್ ಹಚ್ಚಿದೆ. ಕೆಂಪಗೆ ಹತ್ತಿತು. ಅದನ್ನು ನೋಡಿ ಅವಳು ಅಲ್ಲೇ ಬದುವಿನ ಮೇಲೆ ಕುಳಿತಳು.

ಕಂಬದಲ್ಲಿನ ಫ್ಯೂಜ್ ಕಿತ್ತು ಡಬ್ಬಿ ಬಿಚ್ಚಿದೆ. ನಾನು ತುರುಕಿದ್ದ ಅರಿವೆ ಉದುರಿಹೋಗಿ, ತೂತಿನ ಅಂಚಿನಲ್ಲಿ ರಬ್ಬರ್ ಹರಿದು ತಾಮ್ರ ಕಾಣುತ್ತಿತ್ತು. ಅಕ್ಕ ಬಗ್ಗಿ ನೋಡಿದಳು. "ಇಲಿ ಕಡದದ ಏನೋ?"

"ಹೂಂ, ಇಲಿ," ಅಂದೆ.

ಹರಿದ ಭಾಗ ಕತ್ತರಿಸಿ ಹಾಕಿ, ಗ್ಲ್ಯಾಂಡ್ ಕೂಡಿಸಿ ಬಿಗಿ ಮಾಡಿದೆ. ಫ್ಯೂಜ್ ಹಾಕಿ ಮತ್ತೆ ಟೆಸ್ಟರ್ ಹಚ್ಚಿದರೆ ಹತ್ತಲಿಲ್ಲ. ಅಕ್ಕ ಅಂಜುತ್ತಲೇ ಕೈ ಮುಂದೆ ತಂದಳು. ಅದನ್ನು ಸರಿಸಿ ಮೊದಲು ನನ್ನ ಅಂಗೈ ಇಟ್ಟೆ. ಏನೂ ಆಗಲಿಲ್ಲ. ಆಮೇಲೆ ಅವಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು.

"ನೀ ಬಂದಿ ಅಂತ ಉಳದೆ, ತಮ್ಮಾ."

ಇಷ್ಟು ಬಾಯಿ ಇರುವ ನಾನು ಬಿದ್ದ ಗಾಡಿಯನ್ನು ಎತ್ತಿ ನಿಲ್ಲಿಸಲು ಹೋದೆ. ಈಗಲೂ ಮನೆಗೆ ಯಾರೇ ಬರಲಿ, ನನ್ನ ತಮ್ಮ ಜೀವ ಉಳಿಸಿದ ಎಂದು ಅಕ್ಕ ಮೊದಲಿನಿಂದ ಹೇಳುತ್ತಾಳೆ, ಇಲಿಯ ಮಾತನ್ನೂ ಬಿಡುವುದಿಲ್ಲ. ನಾನು ಚಹಾದ ಬಸಿ ನೋಡುತ್ತ ಕುಳಿತಿರುತ್ತೇನೆ.